ಗಾಲಿಪೂಜೆಗೊಂದು ಪುಟ್ಟ ಬಾಗಿಲು

"ನಿಲ್ಲಸ್ರಿ ಮಷೀನು! ಮೊದ್ಲು ನಿಲ್ಲಸ್ರಿ!"

ಆ ಕೂಗಿಗೆ ಗಾಲಿಯ ಪಕ್ಕದಲ್ಲಿದ್ದ ಗುರುಬಸಮ್ಮ ತಿರುಗಿ ನೋಡಿದಳು. ಬಾಗಿಲಲ್ಲಿ ಹೊಸ ಫ್ಯಾಕ್ಟರಿ ಇನ್‌ಸ್ಪೆಕ್ಟರ್ ಗವಿಸಿದ್ದಪ್ಪ! ಅವನ ಕಣ್ಣು ನೆಟ್ಟಿದ್ದು ಅವಳ ಸೆರಗಿನ ಮೇಲೆ.

ಇದೇನಪ್ಪಾ, ಹೀಗೆ ನೋಡುತ್ತಾನೆ!

1974ರ ಬನ್ನಿ ಹಬ್ಬದ ಮರುದಿನ. ಬಳ್ಳಾರಿಯ ಆ ಹತ್ತಿ ಮಿಲ್ಲಿನ ದೊಡ್ಡ ಗಾಲಿ ವಿಭೂತಿ ಬಳಿದುಕೊಂಡು ತಿರುಗುತ್ತಿತ್ತು. ಅದನ್ನು ಮುಚ್ಚಬೇಕಾದ ಜಾಲರಿ ಮಾತ್ರ ಗೋಡೆಗೆ ಒರಗಿತ್ತು.

ಗಾಲಿ ನಿಂತಿತು.

"ಜಾಲರಿ ಬಿಚ್ಚಿದವ್ರು ಯಾರು?"

ಗುರುಬಸಮ್ಮ ಮುಂದೆ ಬಂದಳು.

"ನಾನ್ರಿ ಸಾಹೇಬ್ರ... ಆಯುಧಪೂಜಿಗೆ ವಿಭೂತಿ ಹಚ್ಚಾಕ ಬಿಚ್ಚಿದ್ದೆ. ತಿರುಗಿ ಹಾಕೋದು ಮರ್ತೆ."

ಅವನು ಕೈಯಲ್ಲಿದ್ದ ತಪಾಸಣೆಯ ವಹಿಯಲ್ಲಿ ಅವಳ ಹೆಸರು ಕೇಳಿ ಬರೆದುಕೊಂಡ. "ಹೊಸ ಜಾಲರಿ ಆಗೋತನಕ ಈ ಗಾಲಿ ತಿರುಗಂಗಿಲ್ಲ."

"ಹಳೇದನ್ನ ಹಾಕಿದ್ರ ಸಾಲದಾ?" ಎಂದಳು ಅವಳು.

"ಸಾಲದು."

ಅಷ್ಟೇ! ಮುಖವೆತ್ತಿಯೂ ನೋಡದೆ ಹೋದ.

ಆರು ದಿನ ಕೆಲಸವಿಲ್ಲ. ಜೊತೆಯ ಹೆಂಗಸರು ಮಾತು ಬಿಟ್ಟರು. ತನ್ನ ಕೆಲಸ ಹೋದರೆ ಅವ್ವನ ಗತಿಯೇನು? ದೇವರ ಪೂಜೆ ಮಾಡಿದ್ದಕ್ಕೆ ಈ ಶಿಕ್ಷೆಯೇ? ಗುರುಬಸಮ್ಮ ಅವನಿಗೆ ಹಾಕದ ಶಾಪವಿಲ್ಲ.

ಏಳನೆಯ ದಿನ ಮೇಸ್ತ್ರಿ ತಿಪ್ಪೇರುದ್ರಪ್ಪ ಕರೆಕಳಿಸಿದ. ಕೆಲಸದಿಂದ ತೆಗೆಯುತ್ತಾರೆಂದೇ ಅಳುಕುತ್ತಾ ಹೋದಳು. ಅವನು ಇನ್‌ಸ್ಪೆಕ್ಟರ್ ಬರೆದ ವರದಿ ಓದಿದ:

'ಗುರುಬಸಮ್ಮನ ತಪ್ಪಿಲ್ಲ. ಜಾಲರಿ ಬಿಚ್ಚದೆ ಪೂಜೆ ಮಾಡಲು ದಾರಿಯಿಲ್ಲದಿರುವುದೇ ತಪ್ಪು. ಆಕೆಯನ್ನು ಕೆಲಸದಿಂದ ತೆಗೆಯಕೂಡದು.'

ಅಂದೇ ಗಾಲಿಗೆ ಕೂಡಿಸಿದ ಹೊಸ ಜಾಲರಿಯಲ್ಲಿ, ಅಂಗೈ ಹಿಡಿಸುವಷ್ಟು ಒಂದು ಪುಟ್ಟ ಬಾಗಿಲಿತ್ತು! ಮಷೀನು ನಿಲ್ಲಿಸಿ, ಅದರ ಬೀಗ ತೆಗೆದರೆ ಜಾಲರಿ ಬಿಚ್ಚದೆಯೇ ವಿಭೂತಿ ಹಚ್ಚಬಹುದು.

ಅಂದು ಮಧ್ಯಾಹ್ನ ಅವಳ ಸೆರಗು ಗಾಳಿಗೆ ಹಾರಿ ಜಾಲರಿಗೆ ಅಂಟಿಕೊಂಡಿತು. ಒಳಗೆ ಗಾಲಿ ಸುಯ್ಯೆಂದು ತಿರುಗುತ್ತಿತ್ತು. ಜಾಲರಿ ಇರದಿದ್ದರೆ...? ಅಯ್ಯೋ, ಅವನು ಅಂದು ನೋಡಿದ್ದು ಇದನ್ನೇ! ಅವಳ ಕಣ್ಣು ತುಂಬಿಬಂತು.

ಮರುತಪಾಸಣೆಗೆ ಅವನು ಬಂದಾಗ ಎರಡೂ ಕೈ ಮುಗಿದಳು.

"ನಿಮ್ಮನ್ನ ಭಾಳ ಬೈದೀನ್ರಿ... ನನ್ನ ಜೀವ ಉಳಿಸಿದ್ರಿ. ನಿಮ್ಮ ಉಪಕಾರ ಸಾಯೋತನಕ ಮರೆಯಂಗಿಲ್ಲ."

"ಎಲ್ಲಾ ಮಿಲ್ಲಿನ್ಯಾಗೂ ನನಗ ಸುಳ್ಳ ಹೇಳ್ತಾರ. ನೀವೊಬ್ರು ಖರೇ ಹೇಳಿದ್ರಿ." ಅವನ ದನಿ ತಗ್ಗಿತು. "ಅವತ್ತಿಂದ ನೀವ ಕಣ್ಮುಂದ ಬರ್ತೀರಿ... ಕುರುಗೋಡಿಂದ ನಮ್ಮವ್ವನ್ನ ನಿಮ್ಮನಿಗೆ ಕರ್ಕೊಂಡು ಬರ್ಲೇನು?"

ಅವಳ ಕೆನ್ನೆ ಕೆಂಪೇರಿತು.

"ಬರ್ರಿ... ಆದ್ರ ನಮ್ಮನಿ ಬಾಗ್ಲಾ ಭಾಳ ಗಿಡ್ಡ. ತಲಿ ಜ್ವಾಕಿ, ಸಾಹೇಬ್ರ!"

"ಬರಕೊಳ್ತೀನಿ," ಎಂದು ಅವನು ನಗುತ್ತಾ ವಹಿ ತೆರೆದ.