ಟ್ರಾಕ್ಟರ್ ಚಕ್ರದ ಬಾಣ

ಮಾರ್ಚ್ 11, ಬುಧವಾರ, ಬೆಳಿಗ್ಗೆ 10.20. ತರೀಕೆರೆ ಠಾಣೆಗೆ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರು ರೇಣುಕಪ್ರಸಾದ್ ದೂರು ತಂದರು. ಡೈನಾಮಿಕ್ಸ್ ಇಂಟರ್ನಲ್ಸಿನ ನಲವತ್ತು ಉತ್ತರ ಪುಸ್ತಿಕೆಗಳು ಸ್ಟಾಫ್ ರೂಮಿನ ಬೀರುವಿನಿಂದ ಮಾಯ. ಬೀಗ ಒಡೆದಿರಲಿಲ್ಲ, ಕೀಲಿ ಬೀರುವಿನ ಮೇಲೇ ಇರುತ್ತಿತ್ತಂತೆ. ಅಂಥ ಬೀಗ ಯಾಕೆ ಬೇಕು ಹೇಳಿ. ಪಿಎಸ್‌ಐ ಶಹನಾಜ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಷಣ್ಮುಖಪ್ಪನೊಂದಿಗೆ ಕಾಲೇಜಿಗೆ ಹೋದರು.

ಫೇಲಾಗುವ ಹುಡುಗನೊಬ್ಬ ಕದ್ದಿರುತ್ತಾನೆ ಎಂದು ಷಣ್ಮುಖಪ್ಪ ಬಾಗಿಲಲ್ಲೇ ತೀರ್ಮಾನಿಸಿದ. ಆದರೆ ಕಳುವಿಗೆ ಮೊದಲು ಮೇಷ್ಟ್ರು ತಿದ್ದಿದ್ದ ಹನ್ನೊಂದು ಪುಸ್ತಿಕೆಗಳಲ್ಲಿ ಹನ್ನೊಂದೂ ಫೇಲು. ಹೊರಟ ಟ್ರಾಕ್ಟರಿನ ಹಿಂದಿನ ಚಕ್ರಕ್ಕೆ ನೆಲದ ಘರ್ಷಣೆ ಯಾವ ಕಡೆಗೆ, ಬಾಣ ಹಾಕಿ ಲೆಕ್ಕ ಮಾಡಿ ಎಂಬುದು ದೊಡ್ಡ ಪ್ರಶ್ನೆ. ಎಂಜಿನ್ ತಿರುಗಿಸುವ ಚಕ್ರವನ್ನು ನೆಲ ಮುಂದಕ್ಕೆ ತಳ್ಳುತ್ತದೆ. ಅಷ್ಟೂ ಮಂದಿ ಬಾಣವನ್ನು ಹಿಂದಕ್ಕೆ ಹಾಕಿದ್ದರು. ಇಂಟರ್ನಲ್ಸಿನಲ್ಲಿ ಕನಿಷ್ಠ ಅಂಕ ಬರದಿದ್ದರೆ ಸೆಮಿಸ್ಟರ್ ಪರೀಕ್ಷೆಗೇ ಕೂರಿಸುವುದಿಲ್ಲ.

“ಕಾಪಿ ಹೊಡೆದ್ರಾ?”

“ಇಲ್ಲ ಮೇಡಂ, ಮೂರು ರೂಮಲ್ಲಿ ಬೇರೆ ಬೇರೆ ಕೂರ್ಸಿದ್ವಿ.”

“ಹಂಗಾದ್ರೆ ಯಾರೋ ಒಬ್ರು ಹೇಳ್ಕೊಟ್ಟಿದಾರೆ ಕಣ್ರೀ,” ಎಂದರು ಶಹನಾಜ್.

ಮಧ್ಯಾಹ್ನ 1.15, ಹಾಸ್ಟೆಲು. ಊಟದ ಹಾಲಿನ ಬೋರ್ಡಿನ ಮೇಲೆ ಅದೇ ಚಕ್ರ, ಹಿಂದಕ್ಕೆ ಹಾಕಿದ ಅದೇ ಬಾಣ. ಪರೀಕ್ಷೆಯ ಹಿಂದಿನ ದಿನ ಪಾಠ ಮಾಡಿದವನು ಕ್ಲಾಸಿಗೇ ಮೊದಲಿಗನಾದ ತೀರ್ಥೇಶ್ ಎಂದು ಹುಡುಗರು ಹೇಳಿದರು. ಮೇಷ್ಟ್ರಿಗಿಂತ ಚೆನ್ನಾಗಿ ಹೇಳಿಕೊಡುತ್ತಾನೆಂದೂ ಸೇರಿಸಿದರು. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ತೀರ್ಥೇಶ್ ಬೆಳಗಿನ ಬಸ್ಸಿಗೆ ತನ್ನೂರು ಅಜ್ಜಂಪುರಕ್ಕೆ ಹೋಗಿದ್ದ.

ಸಂಜೆ 4.00, ಅಜ್ಜಂಪುರ. ತೀರ್ಥೇಶನ ತಂದೆ ಟ್ರಾಕ್ಟರ್ ಟ್ರೈಲರ್ ಕಟ್ಟುವ ವೆಲ್ಡರ್. ಶೆಡ್ಡಿನೊಳಗಿಂದ ಹುಡುಗ ತಾನೇ ಪುಸ್ತಿಕೆಗಳ ಕಟ್ಟು ತಂದುಕೊಟ್ಟ. ಸಾಕ್ಷಿಗಳಾಗಿ ಕರೆದ ಪಂಚರ ಮುಂದೆ ಎಣಿಸಿ ಪಂಚನಾಮೆ ಬರೆದರು: ನಲವತ್ತು, ಒಂದು ಹಾಳೆಯೂ ಹರಿದಿಲ್ಲ.

“ಯಾಕಪ್ಪಾ ಕದ್ದೆ?”

“ಇವು ಕಳೆದೋದ್ರೆ ಇನ್ನೊಂದ್ ಟೆಸ್ಟ್ ಕೊಡ್ತಾರೆ ಅಂದ್ಕೊಂಡೆ ಮೇಡಂ. ಹುಟ್ಟಿದಾಗಿಂದ ಟ್ರೈಲರ್ ಚಕ್ರ ನೋಡ್ಕೊಂಡ್ ಬೆಳೆದೋನು. ಎಳ್ಸ್ಕೊಂಡು ಹೋಗೋ ಚಕ್ರಕ್ಕೆ ಬಾಣ ಹಿಂದಕ್ಕೇ. ಎಂಜಿನ್ ಚಕ್ರಕ್ಕೂ ಅದನ್ನೇ ಹೇಳ್ಕೊಟ್ಬಿಟ್ಟೆ. ಬರೆದು ಆಚೆ ಬಂದ್ಮೇಲೆ ಹೊಳೀತು.”

“ನೀನೊಬ್ಬನೇ ಫೇಲಾಗಿದ್ರೆ?”

“ಸುಮ್ಕಿರ್ತಿದ್ದೆ.”

4.40ಕ್ಕೆ ಬಂಧನವಾಯಿತು.

ವಶಪಡಿಸಿಕೊಂಡ ಪುಸ್ತಿಕೆಗಳನ್ನು ಹಾಗೇ ವಾಪಸು ಕೊಡುವಂತಿಲ್ಲ. ಮೇಷ್ಟ್ರು ಅನುಮತಿ ಪಡೆದು ಜೆರಾಕ್ಸ್ ತೆಗೆಸಿ, ಠಾಣೆಯ ಬೆಂಚಿನ ಮೇಲೇ ತಿದ್ದಲು ಕುಳಿತರು. ಮೊದಲು ಕೊನೆಯ ಉತ್ತರ ನೋಡಿಯೇ ಸೊನ್ನೆ ಸುತ್ತಿದ್ದರಂತೆ. ಈಗ ಬಾಣಕ್ಕೆ ಎರಡಂಕ ಕಳೆದು, ಉಳಿದ ಹೆಜ್ಜೆಗಳಿಗೆ ಅಂಕ ಕೊಟ್ಟರು. ನಲವತ್ತೂ ಪುಸ್ತಿಕೆಗಳು ಕನಿಷ್ಠ ಅಂಕ ದಾಟಿದವು. ಸುದ್ದಿ ಕೇಳಿದ ತೀರ್ಥೇಶ್ ಗೋಡೆಗೊರಗಿ, ಷಣ್ಮುಖಪ್ಪ ಕೊಟ್ಟ ಟೀ ಕುಡಿದ.

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣದ ಮುಂದೆ ಶಹನಾಜ್ ಒಂದೇ ಸಾಲು ಬರೆದರು: ತನ್ನ ಪಾಠ ನಂಬಿದವರು ತನ್ನಿಂದಾಗಿ ಪರೀಕ್ಷೆಯಿಂದ ಹೊರಗುಳಿಯಬಾರದೆಂದು.