ಬಾಗಿಲಿನಿಂದ ಕಾಣದ ಮೂಲೆ

"ಸ್ವಲ್ಪ ಈ ಕುರ್ಚಿ ಮೇಲೆ ಕೂತ್ಕೊಳ್ಳಿ. ನಿಮ್ಮ ಮೊಣಕಾಲಿನ ಅಳತೆ ಬೇಕು."

ಹಿತ್ತಲು ಸರಿಮಾಡಿಕೊಡಲು ಬಂದ ಮನುಷ್ಯ ಹೊಸಿಲು ದಾಟಿ ಹತ್ತು ನಿಮಿಷವೂ ಆಗಿರಲಿಲ್ಲ. ಅವಳು ಅವನನ್ನು ಕೆಂಗಣ್ಣಿನಿಂದ ನೋಡಿದಳು.

"ಹಿತ್ತಲು ಅಲ್ಲಿದೆ. ಅಳೆಯೋದಿದ್ರೆ ಅದನ್ನ ಅಳೀರಿ."

"ಅದಾಯ್ತು. ಹನ್ನೆರಡಡಿ ಅಗಲ, ಹದಿನೆಂಟಡಿ ಉದ್ದ," ಎಂದ ಅವನು, ಏನೂ ಬೇಸರವಿಲ್ಲದೆ. "ಇಷ್ಟು ಚಿಕ್ಕ ಜಾಗದಲ್ಲಿ ಗಿಡ ಎಲ್ಲಿ ಅನ್ನೋದು ಆಮೇಲೆ. ಮನುಷ್ಯರು ಎಲ್ಲಿ ಕೂರ್ತಾರೆ ಅನ್ನೋದು ಮೊದಲು. ನಾನು ಬೆಂಚಿಂದ ಶುರು ಮಾಡ್ತೀನಿ. ಬೆಂಚಿನ ಎತ್ತರ ಕೂರೋರ ಮೊಣಕಾಲು ನೋಡಿ ಇಡೋದು."

"ಕೂತ್ಕೊಳ್ಳೇ. ಕಾಲೇನು ಕಿತ್ಕೊಂಡು ಹೋಗಲ್ಲ," ಎಂದು ಒಳಗಿನಿಂದ ಚಿಕ್ಕಮ್ಮ ಕೂಗಿದರು.

ಅವಳು ಕೂತಳು. ಅವನು ನೆಲಕ್ಕೆ ಮಂಡಿಯೂರಿ, ಉಕ್ಕಿನ ಟೇಪನ್ನು ಅವಳ ಹಿಮ್ಮಡಿಯ ಪಕ್ಕ ನಿಲ್ಲಿಸಿದ. ಬೆರಳು ಎಲ್ಲಿಯೂ ತಾಗಲಿಲ್ಲ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.

"ಹದಿನೈದೂವರೆ ಇಂಚು. ಮಾಮೂಲಿ ಬೆಂಚು ಹಾಕಿದ್ರೆ ನಿಮ್ಮ ಪಾದ ನೆಲಕ್ಕೆ ಸರಿಯಾಗಿ ಊರಲ್ಲ. ಎಲ್ಲಾ ಕುರ್ಚಿಯಲ್ಲೂ ನಿಮಗೆ ಕಾಲು ನೋವು ಬರುತ್ತೆ ಅಲ್ವಾ?"

ಬರುತ್ತಿತ್ತು. ಅದನ್ನು ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ.

ಅವಳು ಹದಿಮೂರು ವರ್ಷದಿಂದ ಟೈಲರ್. ಮುಂದಿನ ಕೋಣೆಯೇ ಅಂಗಡಿ. ಊರಿನ ಅರ್ಧ ಹೆಂಗಸರ ಎದೆ, ಸೊಂಟ, ತೋಳು ಅವಳ ಪುಸ್ತಕದಲ್ಲಿದ್ದವು. ಆದರೆ ಅವಳ ಅಳತೆ ಯಾವ ಪುಸ್ತಕದಲ್ಲೂ ಇರಲಿಲ್ಲ. ತನಗೆ ಬಟ್ಟೆ ಬೇಕೆಂದರೆ ಹಳೆಯದೊಂದನ್ನು ಮೇಜಿನ ಮೇಲೆ ಹರಡಿ, ಅದರ ಅಂಚಿಗೆ ಗೀಟು ಎಳೆದು ಕತ್ತರಿಸಿಕೊಳ್ಳುತ್ತಿದ್ದಳು.

ಸಾವಿರ ಜನರನ್ನು ಅಳೆದವಳನ್ನು ಒಬ್ಬ ಮೊದಲ ಸಲ ಅಳೆದಿದ್ದ... ಆ ಮಧ್ಯಾಹ್ನ ಅವಳು ಒಂದೇ ಗುಂಡಿಯನ್ನು ಎರಡು ಸಲ ತಪ್ಪು ಜಾಗಕ್ಕೆ ಹೊಲಿದಳು.

ಹಿತ್ತಲು ಅಂದರೆ ಏನು ಮಹಾ ಇತ್ತು! ಕೆಟ್ಟುಹೋದ ವಾಷಿಂಗ್ ಮೆಷಿನ್, ಬಟ್ಟೆ ಒಣಹಾಕುವ ತಂತಿ, ಪಾಚಿಗಟ್ಟಿದ ಗೋಡೆ, ಡಬ್ಬಿಗಳಲ್ಲಿ ಸೊರಗಿದ ಹತ್ತು ಗಿಡಗಳು. ಅವನು ಡಬ್ಬಿಗಳನ್ನೆಲ್ಲ ಎತ್ತಿಸಿದ. "ಚಿಕ್ಕ ಜಾಗಕ್ಕೆ ಚಿಕ್ಕಚಿಕ್ಕ ಕುಂಡ ಇಟ್ರೆ ಸಂತೆ ಥರ ಆಗುತ್ತೆ. ಒಂದೇ ಇರ್ಲಿ, ದೊಡ್ಡದಿರ್ಲಿ" ಎಂದ. ಗೋಡೆಗೆ ತಿಳಿಹಳದಿ ಬಳಿದು ತಂತಿ ಎಳೆದು ಬಳ್ಳಿ ಹಬ್ಬಿಸಿದ. ನೆಲವಿಲ್ಲದವರಿಗೆ ಗೋಡೆಯೇ ನೆಲವಂತೆ. ಕಾಲುಹಾದಿಯನ್ನು ನೇರವಾಗಿ ಹಾಕದೆ ಈ ಮೂಲೆಯಿಂದ ಆ ಮೂಲೆಗೆ ಓರೆಯಾಗಿ ಹಾಕುತ್ತೇನೆಂದು ಮೊಳೆ ನೆಟ್ಟು ದಾರ ಕಟ್ಟಿದ.

"ಎಂಟು ದಿನ ಈ ದಾರದ ಒಳಗೇ ಓಡಾಡಿ. ಕಾಲಿಗೆ ಸರಿ ಅನ್ನಿಸಿದ್ರೆ ಆಮೇಲೆ ಕಲ್ಲು."

"ಇದು ನಮ್ಮಲ್ಲೂ ಇದೆ. ಟ್ರಯಲ್ ನೋಡೋದು ಅಂತೀವಿ," ಎಂದಳು ಅವಳು. ಅವನು ನಕ್ಕ.

ಎಡಗಡೆಯ ಕೊನೆಯ ಮೂಲೆಗೆ ಮಾತ್ರ ಆಳೆತ್ತರದ ಮರದ ಜಾಲರಿ ಅಡ್ಡ ನಿಲ್ಲಿಸಿದ.

"ಅದ್ಯಾಕೆ ಮುಚ್ತಿದೀರಿ? ಇರೋದೇ ಅಂಗೈಯಗಲ!"

"ಬಾಗಿಲಲ್ಲಿ ನಿಂತ ತಕ್ಷಣ ಎಲ್ಲಾ ಕಂಡ್ಬಿಟ್ರೆ ಜಾಗ ಚಿಕ್ಕದೇ. ಒಂದು ಮೂಲೆ ಕಾಣಬಾರದು. ಆಗ ಅಲ್ಲೇನೋ ಇದೆ ಅಂತ ಹೋಗಿ ನೋಡೋ ಆಸೆ ಆಗುತ್ತೆ. ನಿಮ್ಮ ಬೆಂಚು ಅಲ್ಲಿ ಬರುತ್ತೆ."

ನಿಮ್ಮ ಬೆಂಚು... ಆ ಮಾತನ್ನು ಅವಳು ಇಡೀ ದಿನ ಮೆಷಿನ್ ತುಳಿಯುತ್ತಾ ಮೆಲುಕು ಹಾಕಿದಳು. ಮೂರು ವಾರ ಹೀಗೇ ನಡೆಯಿತು. ಅವನು ಸಂಜೆ ಬರುವ ಹೊತ್ತಿಗೆ ಚಹಾ ತಾನಾಗಿಯೇ ಒಂದು ಲೋಟ ಜಾಸ್ತಿ ಆಗುತ್ತಿತ್ತು. ಚಿಕ್ಕಮ್ಮ ಹೆಮ್ಮಿಂಗ್ ಮಾಡುತ್ತಾ ಕನ್ನಡಕದ ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದರು. ಗುರುವಾರ ಮಾತ್ರ ಅವನು ಬರುತ್ತಿರಲಿಲ್ಲ. ಬೇರೆ ಕಡೆ ಕೆಲಸ ಎಂದಿದ್ದ.

ಬೇರೆ ಕಡೆ ಅಂದರೆ ಎಲ್ಲಿ ಎಂಬುದು ಒಂದು ಸೋಮವಾರ ತಿಳಿಯಿತು.

ಹಲ್ಲಿನ ಡಾಕ್ಟರ್ ಹಸಿರು ಗೌನಿನ ಟ್ರಯಲ್ ನೋಡಲು ಬಂದಿದ್ದರು. ಎತ್ತರದ ಹೆಂಗಸು, ನಕ್ಕರೆ ಕ್ಲಿನಿಕ್ಕಿನ ಜಾಹೀರಾತೇ ಬೇಡ. ಕನ್ನಡಿಯ ಮುಂದೆ ತಿರುಗುತ್ತಾ ಕಿಟಕಿಯಿಂದ ಹಿತ್ತಲು ನೋಡಿ ನಿಂತುಬಿಟ್ಟರು.

"ಅರೆ, ಆ ಜಾಲರಿ! ಇದೂ ಅವರ ಕೈಕೆಲಸವೇ? ನಮ್ಮನೆದೂ ಅವರೇ ಮಾಡ್ತಿದಾರೆ. ಗುರುವಾರ ಗುರುವಾರ ಬರ್ತಾರೆ. ಏನು ಮನುಷ್ಯ ಮಾರಾಯ್ತಿ! ಬಂದ್ರೆ ಹೋಗೋದೇ ಬೇಡ ಅನ್ನಿಸುತ್ತೆ, ಅಷ್ಟು ಚೆನ್ನಾಗಿ ಮಾತಾಡ್ತಾರೆ."

ಬಾಯಲ್ಲಿದ್ದ ಗುಂಡುಪಿನ್ನು ನುಂಗದೇ ಇದ್ದುದು ಅವಳ ಪುಣ್ಯ.

"ನಿಮಗೂ... ಕಾಣದ ಮೂಲೆ ಮಾಡಿದಾರಾ?"

"ಮಾಡಿದಾರೆ. ಇಬ್ಬರು ಕೂರೋ ಬೆಂಚು. ಈ ಶನಿವಾರ ಸಂಜೆ ಅಲ್ಲಿ ಒಬ್ಬರಿಗೆ ಒಂದು ವಿಷಯ ಹೇಳ್ಬೇಕು. ಅದಕ್ಕೇ ಈ ಗೌನು." ಡಾಕ್ಟರ ಕೆನ್ನೆ ಕೆಂಪಾಯಿತು.

"ಬೆಂಚಿಗೆ ನಿಮ್ಮ ಮೊಣಕಾಲಿನ ಅಳತೆ ತಗೊಂಡ್ರಾ?"

"ತಗೊಂಡ್ರಪ್ಪ. ಎಲ್ಲರದ್ದೂ ತಗೋತಾರಂತೆ."

ಎಲ್ಲರದ್ದೂ!

ಡಾಕ್ಟರ್ ಹೋದ ಮೇಲೆ ಅವಳು ಗೌನನ್ನು ಮೇಜಿನ ಮೇಲೆ ಹರಡಿ ಸುಮ್ಮನೆ ಕೂತಳು. ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದಂತಿತ್ತು. ಹೊಟ್ಟೆಕಿಚ್ಚಿಗೆ ಔಷಧಿ ಕೇಳೋಣವೆಂದರೆ ಹೊಟ್ಟೆಕಿಚ್ಚೇ ಡಾಕ್ಟರ್ ಮೇಲೆ!

'ನಾನೊಬ್ಬಳು ಪೆದ್ದಿ. ಅಳತೆ ತಗೊಳ್ಳೋದು ಅವನ ಕೆಲಸ. ನಾನು ದಿನಾ ಹತ್ತು ಜನರ ಸೊಂಟ ಅಳೀತೀನಿ, ಅವರ ಮೇಲೆಲ್ಲ ನನಗೆ ಪ್ರೀತಿಯಾ?'

ಬುದ್ಧಿ ಹೀಗೆ ನ್ಯಾಯ ಹೇಳುತ್ತಿರುವಾಗಲೇ ಕೈ ಅನ್ಯಾಯಕ್ಕೆ ಇಳಿದಿತ್ತು. ಗೌನಿನ ಸೊಂಟದ ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಅರ್ಧರ್ಧ ಇಂಚು ಒಳಕ್ಕೆ ಹಿಡಿದು, ಮತ್ತೆ ಹೊಲಿದಳು. ಬಟ್ಟೆಗೆ ಕತ್ತರಿ ಹಾಕಲಿಲ್ಲ. ಅಷ್ಟು ಮನಸ್ಸಾಕ್ಷಿ ಉಳಿದಿತ್ತು. 'ಕೂತು ಹೇಳಲಿ ನೋಡೋಣ, ಉಸಿರು ಬಂದ್ರೆ ತಾನೇ ಮಾತು ಬರೋದು!'

ಮಂಗಳವಾರ ಸಂಜೆ ಅವನು ನೋಟ್‌ಬುಕ್ ತೆರೆದು ಹಿತ್ತಲ ಬಾಗಿಲಿನಲ್ಲಿ ನಿಂತ. ಅಷ್ಟು ದಿನ ಇಲ್ಲದ ಒಂದು ತಡವರಿಕೆ ದನಿಯಲ್ಲಿತ್ತು.

"ಬೆಂಚಿನ ಉದ್ದ ಹೇಳ್ಬೇಕು ನೀವು. ಒಬ್ಬರಿಗಾ... ಇಬ್ಬರಿಗಾ?"

ಅವನ ಪುಟದಲ್ಲಿ ಇಬ್ಬರ ಬೆಂಚಿನ ಚಿತ್ರ ಆಗಲೇ ಬರೆದಾಗಿತ್ತು. ಅವಳು ಆ ಕಡೆ ನೋಡಲೇ ಇಲ್ಲ.

"ಒಬ್ಬರಿಗೆ."

"ಚಿಕ್ಕಮ್ಮನೂ ಕೂರ್ಬಹುದು, ಯಾರಾದ್ರೂ ಬಂದ್ರೆ..."

"ಯಾರೂ ಬರಲ್ಲ. ನಾನೊಬ್ಬಳೇ ಕೂರೋದು. ಇಬ್ಬರ ಬೆಂಚು ಗುರುವಾರದ ಹಿತ್ತಲಿಗೆ ಹಾಕಿದೀರಲ್ಲ, ಸಾಕು. ಹೇಗೆ ಬಂದಿದೆ ಅದು?"

"ಚೆನ್ನಾಗೇ ಬಂದಿದೆ. ಅಲ್ಲಿ ಒಂದು ತಪ್ಪು ಮಾಡ್ಬಿಟ್ಟೆ," ಎಂದು ಅವನು ತಲೆ ತಗ್ಗಿಸಿದ. "ನನ್ನ ಕೆಲಸದಲ್ಲಿ ಅಂಥ ತಪ್ಪು ಯಾವತ್ತೂ ಆಗಿರಲಿಲ್ಲ."

'ತಪ್ಪು! ಅದಕ್ಕೆ ಹಾಗೂ ಹೆಸರಿಡ್ತಾರಾ?' ಎಂದುಕೊಂಡಳು. ಏನು ತಪ್ಪು ಅಂತ ಕೇಳಲಿಲ್ಲ.

ಅವನು ಪುಟ ತಿರುವಿ ಒಬ್ಬರ ಬೆಂಚು ಬರೆದುಕೊಂಡ.

"ಸರಿ. ಶನಿವಾರ ಕಾಲುಗಳನ್ನ ಕಾಂಕ್ರೀಟಿಗೆ ಹಾಕ್ತೀನಿ. ಅಲ್ಲಿಗೆ ಇಲ್ಲಿಯ ಕೆಲಸ ಮುಗೀತು. ಒಂದ್ಸಲ ಹಾಕಿದ್ರೆ ಬದಲಾಯಿಸೋಕಾಗಲ್ಲ."

ಅವತ್ತು ಚಹಾ ಲೋಟ ಹಾಗೇ ಆರಿ ಕೆನೆಗಟ್ಟಿತು. ಚಿಕ್ಕಮ್ಮ ಅದನ್ನು ಒಳಗೆ ತಂದಿಟ್ಟು, "ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಲ್ಲ" ಎಂದರು. ಅವಳು ಮೆಷಿನ್ ಶಬ್ದ ಜೋರು ಮಾಡಿದಳು.

ಶನಿವಾರ ಬೆಳಿಗ್ಗೆ ಅವನು ಹಿತ್ತಲಲ್ಲಿ ಸಿಮೆಂಟು, ಜಲ್ಲಿ ಕಲಸುತ್ತಿದ್ದ. ಸನಿಕೆಯ ಒಂದೊಂದು ಸದ್ದೂ ಅವಳಿಗೆ ಕೇಳುತ್ತಿತ್ತು. ಇನ್ನು ಅರ್ಧ ಗಂಟೆ... ಆಮೇಲೆ ಅವನು ಕೈ ತೊಳೆದು ಹೊರಡುತ್ತಾನೆ. ಸಂಜೆ ಯಾವ ಬೆಂಚಿನ ಮೇಲೆ ಕೂರುತ್ತಾನೋ ಅವಳಿಗೆ ಗೊತ್ತು. ಕಣ್ಣು ಮಂಜಾಗಿ ಸೂಜಿಗೆ ದಾರ ಹೋಗಲಿಲ್ಲ.

ಆಗ ಡಾಕ್ಟರ್ ಗೌನು ಹಿಡಿದು ಒಳಗೆ ಬಂದರು.

"ಏನಾಗಿದೆ ನಿಮಗೆ? ಆರು ವರ್ಷದಲ್ಲಿ ಒಂದು ನೂಲು ತಪ್ಪಿಲ್ಲ ನೀವು. ಇದನ್ನ ಹಾಕ್ಕೊಂಡ್ರೆ ನನಗೆ ಉಸಿರೇ ಆಡಲ್ಲ. ಸೋಮವಾರ ಸರಿಯಾಗಿತ್ತಲ್ಲ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕೈ ತಾನಾಗಿಯೇ ಗೌನಿನ ಪಕ್ಕದ ಹೊಲಿಗೆಗೆ ಹೋಯಿತು. ಸುಳ್ಳು ಹೇಳಲು ಬಾಯಿ ತೆರೆದಳು. ನಾಲ್ಕು ದಿನದಿಂದ ಒತ್ತಿ ಹಿಡಿದಿದ್ದ ಅಳು ಅದಕ್ಕಿಂತ ಮೊದಲು ಹೊರಗೆ ಬಂತು.

"ತಪ್ಪಿದ್ದಲ್ಲ, ಬೇಕಂತಲೇ ಹಿಡಿದೆ. ನೀವು ಇವತ್ತು ಅವರಿಗೆ... ನಿಮ್ಮ ಪ್ರೀತಿ ಹೇಳ್ತೀರಲ್ಲ... ಅದನ್ನ ತಡೆಯೋಕಾಗಲಿಲ್ಲ ನನಗೆ. ಹೊಟ್ಟೆಕಿಚ್ಚು. ಕ್ಷಮಿಸಿ ಡಾಕ್ಟ್ರೇ."

"ಅವರಿಗೆ ಅಂದ್ರೆ?"

ಅವಳು ಹಿತ್ತಲ ಕಡೆ ಕೈ ತೋರಿಸಿದಳು. ಸನಿಕೆ ಸದ್ದು ಮಾಡುತ್ತಿತ್ತು.

ಡಾಕ್ಟರ್ ಒಂದು ಕ್ಷಣ ಪೆಚ್ಚಾದರು. ಮರುಕ್ಷಣ ಸ್ಟೂಲಿನ ಮೇಲೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಯ್ಯೋ, ನಾನು ಹೇಳ್ಬೇಕಿರೋದು ಕ್ಲಿನಿಕ್ ಎದುರಿನ ಔಷಧಿ ಅಂಗಡಿಯವರಿಗೆ! ಏಳು ವರ್ಷದಿಂದ ನನ್ನ ಕೈಬರಹ ಓದ್ತಿರೋ ಒಬ್ಬರೇ ಮನುಷ್ಯ ಅವರು. ಇನ್ನೇನು ಬೇಕು ಹೇಳಿ?"

ಅವಳು ಮೂಗು ಒರೆಸಿಕೊಂಡು ಪಿಳಿಪಿಳಿ ನೋಡಿದಳು.

"ಇನ್ನೊಂದು ವಿಷಯ ಕೇಳಿ," ಡಾಕ್ಟರ ನಗು ನಿಲ್ಲುತ್ತಿರಲಿಲ್ಲ. "ನನ್ನ ಬೆಂಚು! ಅದರ ಮೇಲೆ ಕೂತ್ರೆ ಮೊಣಕಾಲು ಗದ್ದಕ್ಕೆ ತಾಗುತ್ತೆ. ನನ್ನ ಅಳತೆ ಹದಿನೇಳೂವರೆ. ಅವರೇ ತಗೊಂಡು, ಅವರೇ ಬರ್ಕೊಂಡು, ಕಟ್ಟಿದ್ದು ಮಾತ್ರ ಹದಿನೈದೂವರೆಗೆ. ಇದು ಯಾರ ಅಳತೆ ಅಂತ ಕೇಳಿದ್ರೆ ಮನುಷ್ಯ ಕಿವಿವರೆಗೂ ಕೆಂಪಾದ್ರು. 'ಕ್ಷಮಿಸಿ, ತಲೆಯಲ್ಲಿ ಇನ್ನೊಂದು ಅಳತೆ ಕೂತ್ಬಿಟ್ಟಿದೆ' ಅಂದ್ರು. ಗುರುವಾರ ಪೂರ್ತಿ ಅವರು ಮಾತಾಡೋದು ಒಂದೇ ವಿಷಯ... ಟೈಲರ್ ಹಿತ್ತಲು, ಟೈಲರ್ ಚಹಾ. ಯಾವ ಟೈಲರ್ ಅಂತ ನಾನೂ ಕೇಳಿರಲಿಲ್ಲ, ಸೋಮವಾರ ಜಾಲರಿ ನೋಡಿದ್ರೂ ಹೊಳೀಲಿಲ್ಲ ನೋಡಿ."

ಹದಿನೈದೂವರೆ.

ಅವಳ ಅಳತೆ ಇದ್ದದ್ದು ಅವನ ನೋಟ್‌ಬುಕ್ಕಿನಲ್ಲಿ ಮಾತ್ರವಲ್ಲ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದರು ಡಾಕ್ಟರ್ ಕಣ್ಣೊರೆಸಿಕೊಳ್ಳುತ್ತಾ. "ನಿಮ್ಮಿಬ್ಬರ ಪ್ರೀತಿಗೆ ನನ್ನ ಸೊಂಟ ಒಂದು ಕಡೆ, ಮೊಣಕಾಲು ಇನ್ನೊಂದು ಕಡೆ."

ಚಿಕ್ಕಮ್ಮ ಆಗಲೇ ಗೌನನ್ನು ಮಡಿಲಿಗೆ ಎಳೆದುಕೊಂಡು ಹೊಲಿಗೆ ಬಿಚ್ಚತೊಡಗಿದ್ದರು. "ಇದು ನಾನು ನೋಡ್ಕೋತೀನಿ, ಹತ್ತು ನಿಮಿಷದ ಕೆಲಸ. ನೀನು ಹೋಗೇ. ಕಾಂಕ್ರೀಟು ಯಾರಿಗೂ ಕಾಯಲ್ಲ."

ಅವಳು ಓಡಿದಳು. ಓರೆ ಕಾಲುಹಾದಿಯನ್ನು ನೇರವಾಗಿ ದಾಟಿ, ಜಾಲರಿಯ ಹಿಂದಿನ ಮೂಲೆಗೆ ಬಂದಾಗ ಅವನು ಬೆಂಚಿನ ಮೊದಲ ಕಾಲನ್ನು ಗುಣಿಯಲ್ಲಿ ನಿಲ್ಲಿಸಿದ್ದ. ಕಾಂಕ್ರೀಟಿನ ಬಾಣಲೆ ಕೈಯಲ್ಲಿತ್ತು.

"ನಿಲ್ಸಿ. ಅಳತೆ ತಪ್ಪಿದೆ."

"ಇಲ್ಲ. ಹದಿನೈದೂವರೆ, ಎರಡು ಸಲ ನೋಡಿದೀನಿ," ಎಂದ ಅವನು ತಲೆಯೆತ್ತದೆ. "ಈ ಸಲ ತಪ್ಪು ಮಾಡಿಲ್ಲ."

"ಎತ್ತರ ಅಲ್ಲ, ಉದ್ದ. ನಾನೇ ತಪ್ಪು ಹೇಳಿದ್ದು. ಆ ಬಾಣಲೆ ಕೆಳಗಿಡಿ. ಆ ಕಲ್ಲಿನ ಮೇಲೆ ಕೂತ್ಕೊಳ್ಳಿ."

"ಯಾಕೆ?"

"ಕೂತ್ಕೊಳ್ಳಿ ಅಂದೆ. ಕಾಲೇನು ಕಿತ್ಕೊಂಡು ಹೋಗಲ್ಲ."

ಅವನು ಕೂತ. ಅವಳು ಮಣ್ಣಿನ ಮೇಲೆ ಮಂಡಿಯೂರಿ, ಕೊರಳಲ್ಲಿದ್ದ ಟೇಪು ತೆಗೆದು, ಅವನ ಹಿಮ್ಮಡಿಯಿಂದ ಮೊಣಕಾಲಿನ ಹಿಂಬದಿಯವರೆಗೆ ಹಿಡಿದಳು. ಗಂಡಸರ ಅಳತೆ ಅವಳು ತೆಗೆದದ್ದು ಅದೇ ಮೊದಲು. ಈ ಸಲ ಬೆರಳು ತಾಗಿತು, ಅವನೂ ಕಾಲು ಸರಿಸಲಿಲ್ಲ.

"ಹದಿನೆಂಟು," ಎಂದಳು. "ನಿಮ್ಮನ್ನ ಯಾರಾದ್ರೂ ಅಳೆದಿದ್ರಾ ಇಲ್ಲಿವರೆಗೆ?"

"ಇಲ್ಲ." ಅವನು ಕೈಯ ಸಿಮೆಂಟು ಒರೆಸಿಕೊಂಡ. "ಡಾಕ್ಟರ್ ಬೆಂಚಿನ ವಿಷಯ ಹೇಳಿದ್ರಾ?"

"ಹೇಳಿದ್ರು. ನಾನು ಅವರ ಗೌನಿನ ಸೊಂಟ ಹಿಡಿದಿದ್ದೆ, ಹೊಟ್ಟೆಕಿಚ್ಚಿಗೆ. ಅಲ್ಲಿಗೆ ನನ್ನ ಲೆಕ್ಕಕ್ಕೂ ನಿಮ್ಮ ಲೆಕ್ಕಕ್ಕೂ ಒಂದೊಂದು ತಪ್ಪು."

ಅವನು ನಗಲು ಹೋಗಿ, ನಗಲಾರದೆ, ಅವಳನ್ನೇ ನೋಡಿದ.

"ಮೊದಲನೇ ದಿನದಿಂದ ಹಾಗೇ ಆಗಿದೆ ನನಗೆ. ಯಾರ ಬೆಂಚಿಗೆ ಕೈ ಹಾಕಿದ್ರೂ ನಿಮ್ಮದೇ ಎತ್ತರ ಬರುತ್ತೆ. ಇಬ್ಬರಿಗಾ ಅಂತ ಮಂಗಳವಾರ ಕೇಳಿದ್ದು ಕೆಲಸದ ಪ್ರಶ್ನೆ ಆಗಿರಲಿಲ್ಲ."

"ಇಬ್ಬರಿಗೆ," ಎಂದಳು ಅವಳು. "ಉತ್ತರ ನಾಲ್ಕು ದಿನ ತಡ ಆಯ್ತು. ನಂಗೆ ನೀವು ಬೇಕು."

ಬಾಣಲೆಯಲ್ಲಿ ಕಾಂಕ್ರೀಟು ಗಟ್ಟಿಯಾಗುತ್ತಿತ್ತು. ಇಬ್ಬರೂ ಅದರ ಕಡೆ ನೋಡಲಿಲ್ಲ.

"ಒಂದು ತೊಂದರೆ ಇದೆ," ಎಂದ ಅವನು ಕೊನೆಗೆ. "ನಂದು ಹದಿನೆಂಟು, ನಿಂದು ಹದಿನೈದೂವರೆ. ಒಂದೇ ಬೆಂಚು ಇಬ್ಬರಿಗೂ ಹೇಗೆ ಆಗುತ್ತೆ?"

ನಿಮ್ಮದು ಹೋಗಿ ನಿಂದು ಆಗಿದ್ದನ್ನು ಅವಳು ಗಮನಿಸಿದಳು.

"ಒಂದು ಕಡೆ ಎತ್ತರ ಮಾಡು, ಒಂದು ಕಡೆ ತಗ್ಗು ಮಾಡು."

"ಕುಂಟು ಬೆಂಚು ಅಂತ ನೋಡಿದವರು ನಗ್ತಾರೆ."

"ಯಾರು ನೋಡ್ತಾರೆ?" ಎಂದು ಅವಳು ಅವನ ಪಕ್ಕ ಕಲ್ಲಿನ ಮೇಲೆ ಕೂತಳು. "ಬಾಗಿಲಿಂದ ಕಾಣಲ್ವಲ್ಲ."