ಸೀಲಿಲ್ಲದ ಮತಪೆಟ್ಟಿಗೆ

ಶನಿವಾರ ಬೆಳಗ್ಗೆ 7.15ಕ್ಕೆ ಟೆಕ್ಸಸ್‌ನ ಶುಗರ್ ಲ್ಯಾಂಡ್ ಪೊಲೀಸ್ ಠಾಣೆಗೆ ಬಂದ ದೂರು ಒಂದೇ, ಕೊಡಲು ಬಂದವರು ಇಬ್ಬರು. ಒಬ್ಬರು ಉತ್ತರ ಮರೋಂಬಿಯ ಕಾನ್ಸುಲ್, ಇನ್ನೊಬ್ಬರು ದಕ್ಷಿಣ ಮರೋಂಬಿಯ ಕಾನ್ಸುಲ್. ಮತಪೆಟ್ಟಿಗೆ ಕಾಣೆಯಾಗಿದೆ, ಕದ್ದವನು ಇಲ್ಲೇ ಪಕ್ಕದಲ್ಲಿ ಕೂತಿದ್ದಾನೆ ಎಂದು ಇಬ್ಬರೂ ಹೇಳಿದರು.

ಡಿಟೆಕ್ಟಿವ್ ಶ್ರಾವಣಿಗೆ ತಲೆಬುಡ ತಿಳಿಯಲಿಲ್ಲ. ವರದಿಯಲ್ಲಿ ‘ಉತ್ತರ ಮರೋಂಬಿ’ ಎಂದು ಬರೆದರೆ ದಕ್ಷಿಣದವರು ಎದ್ದು ನಿಂತರು, ಅಂಥ ದೇಶವೇ ಇಲ್ಲವಂತೆ. ಅಳಿಸಿದರೆ ಉತ್ತರದವರು ಎದ್ದರು. ನಮ್ಮ ಕಡೆ ಎಫ್‌ಐಆರ್ ಅನ್ನುವ ಆ ಒಂದು ಹಾಳೆ ತುಂಬುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು.

ಕೊನೆಗೂ ತಿಳಿದದ್ದು ಇಷ್ಟು. ಎರಡು ಹೋಳಾದ ಆ ದೇಶಕ್ಕೆ ಒಂದೇ ಸರ್ಕಾರ ಆರಿಸಲು ಅಂತರರಾಷ್ಟ್ರೀಯ ಉಸ್ತುವಾರಿಯಲ್ಲಿ ಚುನಾವಣೆ. ಡಾಲಸ್, ಆಸ್ಟಿನ್, ಹ್ಯೂಸ್ಟನ್‌ನಲ್ಲಿರುವ ಮರೋಂಬಿಯವರೆಲ್ಲ ಶುಕ್ರವಾರ ಇಲ್ಲಿನ ಬಾಡಿಗೆ ಹಾಲ್‌ಗೆ ಬಂದು ಮತ ಹಾಕಿದ್ದರು. ಎಣಿಕೆ ಇವತ್ತು ಸಂಜೆ ಐದಕ್ಕೆ. ಅಷ್ಟರೊಳಗೆ ಪೆಟ್ಟಿಗೆ ಸಿಗದಿದ್ದರೆ ಟೆಕ್ಸಸ್‌ನ ಮತಗಳೆಲ್ಲ ನೀರುಪಾಲು.

ಶ್ರಾವಣಿ ಹಾಲ್‌ಗೆ ಹೋಗಿ ಅಲ್ಲಿನ ಕಾವಲುಗಾರನನ್ನು ವಿಚಾರಿಸಿದಳು.

“ಪೆಟ್ಟಿಗೆಗೆ ಸೀಲ್ ಹಾಕಿದ್ದು ಯಾರು?”

“ಯಾರೂ ಇಲ್ಲ. ಅವರ ಸೀಲಿನ ಪಕ್ಕ ನಮ್ಮ ಸೀಲ್ ಹಾಕಿದರೆ ಅವರನ್ನು ದೇಶ ಅಂತ ಒಪ್ಪಿಕೊಂಡ ಹಾಗೆ ಅಂತ ಇಬ್ಬರೂ ಜಗಳವಾಡಿದರು. ಉಸ್ತುವಾರಿಯವರು ಮೇಲಿನವರನ್ನು ಕೇಳ್ತೀವಿ ಅಂತ ಹೋಟೆಲಿಗೆ ಹೋದರು.”

“ಆಮೇಲೆ ಯಾರು ಬಂದರು?”

“ವೀಕ್ಷಕರ ಬ್ಯಾಡ್ಜ್ ಹಾಕಿದ್ದ ಒಬ್ಬ ಅಜ್ಜ. ಪೆಟ್ಟಿಗೇನ ಸ್ಟ್ರಾಂಗ್ ರೂಮ್‌ಗೆ ಒಯ್ಯಬೇಕು ಅಂದರು. ಬಾಗಿಲು ನಾನೇ ತೆಗೆದೆ.”

ಶ್ರಾವಣಿಯ ಕಿವಿ ನೆಟ್ಟಗಾಯಿತು. ಹಾಸನದಲ್ಲಿ ಮೇಷ್ಟ್ರಾಗಿದ್ದ ಅವಳ ತಾತ ಎಲೆಕ್ಷನ್ ಡ್ಯೂಟಿಯ ಕತೆ ಹೇಳುವಾಗಲೆಲ್ಲ ಈ ಸ್ಟ್ರಾಂಗ್ ರೂಮ್ ಬರುತ್ತಿತ್ತು. ವೀಕ್ಷಕರ ಪಟ್ಟಿ ತರಿಸಿ ನೋಡಿದರೆ ಭಾರತದವರು ಒಬ್ಬರೇ, ಮಂಡ್ಯದ ನಿವೃತ್ತ ತಹಶೀಲ್ದಾರ್ ನೀಲಕಂಠಪ್ಪ. ಇದೇ ಊರಿನಲ್ಲಿ ಮಗಳು ರಾಜಲಕ್ಷ್ಮಿಯ ಮನೆಗೆ ಬಂದವರು.

ಬಾಗಿಲು ತೆಗೆದ ರಾಜಲಕ್ಷ್ಮಿಯ ಕಣ್ಣು ಕೆಂಪಾಗಿತ್ತು. “ಅಪ್ಪ ದೇವರಮನೆ ಬಿಟ್ಟು ಏಳ್ತಾನೇ ಇಲ್ಲ. ರಾತ್ರಿಯಿಂದ ಊಟಾನೂ ಮಾಡಿಲ್ಲ” ಎಂದಳು.

ನೀಲಕಂಠಪ್ಪ ಮಣೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲೇ ಇಟ್ಟುಕೊಂಡಿದ್ದ ಮತಪೆಟ್ಟಿಗೆಗೆ ಹೊಸ ಬೆಡ್‌ಶೀಟ್ ಸುತ್ತಿ, ಅರಗು ಸಿಗದೆ ಮೊಮ್ಮಗಳ ಬರ್ತ್‌ಡೇ ಮೇಣದಬತ್ತಿಗಳನ್ನೇ ಕರಗಿಸಿ ಗಂಟಿನ ಮೇಲೆ ಸುರಿದಿದ್ದರು.

“ಅಂಕಲ್, ಇದನ್ನ ನೀವು ತಂದ್ರಾ?”

“ತಂದೆ.”

“ಯಾರನ್ನ ಕೇಳಿ?”

“ಕೇಳಕ್ಕೆ ಅಲ್ಲಿ ಯಾರಿದ್ರಮ್ಮ? ಸೀಲಿಲ್ಲ, ಏಜೆಂಟಿಲ್ಲ. ನಮ್ಮಲ್ಲಿ ಪೆಟ್ಟಿಗೇನ ಹಂಗೆ ಬಿಟ್ಟೋದ್ರೆ ಮಾರನೇ ದಿನವೇ ಸಸ್ಪೆಂಡು.”

“ತೆರೆದು ನೋಡಿದ್ರಾ?”

“ಛೆ! ಏನ್ ಮಾತು ಅಂತ ಆಡ್ತೀಯಮ್ಮ!”

ಶ್ರಾವಣಿ ಪೆಟ್ಟಿಗೆ ಎತ್ತಿಕೊಳ್ಳಲು ಹೋದರೆ ಕೂತಲ್ಲೇ ಕೈ ಅಡ್ಡ ಹಿಡಿದರು. “ಪಂಚನಾಮೆ ಇಲ್ಲದೆ ಕೊಡಲ್ಲ.” ಕೊನೆಗೆ ಒಕ್ಕಣೆಯನ್ನು ಅವರೇ ಹೇಳಿ ಬರೆಸಿದರು. ರಾಜಲಕ್ಷ್ಮಿಯೂ, ಶ್ರಾವಣಿಯ ಜೊತೆ ಬಂದಿದ್ದ ಪೊಲೀಸ್ ಮಾರ್ಟಿನೆಜ್ ಕೂಡ ಪಂಚರೆಂದು ಸಹಿ ಹಾಕಿದರು. ಯಾತಕ್ಕೆ ಹಾಕುತ್ತಿದ್ದೇನೆಂದು ಪಾಪ ಮಾರ್ಟಿನೆಜ್‌ಗೆ ಗೊತ್ತಿರಲಿಲ್ಲ.

ಪೆಟ್ಟಿಗೆ ಸಿಕ್ಕಿತೆಂದು ಶ್ರಾವಣಿ ಉಸ್ತುವಾರಿಯವರಿಗೆ ತಿಳಿಸಿದ ಸ್ವಲ್ಪ ಹೊತ್ತಿಗೇ ಅವರ ಫೋನ್ ಬಂತು. ಹಾಲ್ ದಾಟಿ ಹೋದ ಪೆಟ್ಟಿಗೆ ಎಣಿಕೆಗೆ ಬರುವುದಿಲ್ಲ, ಮತಗಳೆಲ್ಲ ರದ್ದು. ಇಬ್ಬರು ಕಾನ್ಸುಲರೂ ತಕ್ಷಣ ಒಪ್ಪಿದ್ದಾರೆ, ಬಂಧನವೂ ಆಗಲೇಬೇಕು ಎನ್ನುತ್ತಿದ್ದಾರೆ. ಶ್ರಾವಣಿಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಮಾತ್ರ ಗೊತ್ತಾಗಲಿಲ್ಲ.

“ಅಂಕಲ್, ನಿಮ್ಮನ್ನ ಅರೆಸ್ಟ್ ಮಾಡಬೇಕಾಗಿದೆ. ಇಷ್ಟಕ್ಕೂ ನಿಮಗ್ಯಾಕೆ ಬೇಕಿತ್ತು ಇದೆಲ್ಲ?”

ನೀಲಕಂಠಪ್ಪ ಗಂಟಿನ ಮೇಲಿನ ಮೇಣವನ್ನು ಬೆರಳಿನಿಂದ ಸವರಿದರು. “ಡಾಲಸ್‌ನಿಂದ ಒಬ್ಬ ಅಜ್ಜಿ ಬಂದಿತ್ತು. ಅಕ್ಕ ಗಡಿ ಆಚೆ ಇದಾಳಂತೆ. ಅಕ್ಕನಿಗೆ ಮದುವೆಯಾದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಲ್ವಂತೆ. ವೋಟ್ ಹಾಕಿ ನನ್ನ ಕೈ ಹಿಡ್ಕೊಂಡು, ಇದು ಎಣಿಕೆಗೆ ಸೇರುತ್ತಾ ಅಂತ ಜೊತೆಗಿದ್ದ ತನ್ನ ಮೊಮ್ಮಗಳ ಕೈಲಿ ಇಂಗ್ಲಿಷ್‌ನಲ್ಲಿ ಕೇಳಿಸ್ತು. ನಾನಿದೀನಿ, ಸೇರೇ ಸೇರುತ್ತೆ ಅಂದಿದ್ದೆ.” ಆಮೇಲೆ ತಲೆಯೆತ್ತಿ ಕೇಳಿದರು. “ಸೇರುತ್ತಲ್ವಾ?”

“ಇಲ್ಲ ಅಂಕಲ್. ಪೆಟ್ಟಿಗೆ ಹೊರಗೆ ಬಂತಲ್ಲ, ಎಲ್ಲಾ ರದ್ದು.”

“ಅಲ್ಲೇ ಬಿಟ್ಟಿದ್ರೆ?”

ಸುಳ್ಳು ಹೇಳೋಣ ಅನ್ನಿಸಿತು ಅವಳಿಗೆ. ಬಾಯಿ ಬರಲಿಲ್ಲ.

“ಸೀಲಿಲ್ಲದಿದ್ರೂ ಎಣಿಸ್ತಿದ್ರು.”

ಮುದುಕರು ಗೋಡೆ ಹಿಡಿದು ಎದ್ದರು. ಬೇಡಿ ಹಾಕಲೆಂದು ಎರಡೂ ಕೈ ಮುಂದೆ ಚಾಚಿದವರು, ಏನೋ ಹೊಳೆದು ಹಿಂದಕ್ಕೆ ತೆಗೆದುಕೊಂಡರು.

“ಒಂದು ನಿಮಿಷ ಇರಮ್ಮ. ಆ ಅಜ್ಜಿ ಫೋನ್ ನಂಬರ್ ಸಿಗುತ್ತಾ ನೋಡು. ಬೇರೆ ಯಾರೋ ಹೇಳೋದು ಬೇಡ, ನಾನೇ ಹೇಳಬೇಕು.”